ಮಾವನವರ ಓಪನಿಂಗು

ನಮ್ಮ ಮಾವನವರು ಚದುರಂಗ ಆಡುವುದನ್ನು ಒಮ್ಮೆ ನೋಡಿದರೆ ಸಾಕು, ಆ ಆಟದ ಮೇಲೆ ನಿಮಗಿರುವ ಗೌರವ ಅಲ್ಲಿಗೇ ಮುಗಿಯುತ್ತದೆ! ಬುದ್ಧಿವಂತರ ಆಟ, ರಾಜರ ಆಟ ಎಂದೆಲ್ಲ ಕೇಳಿಕೊಂಡು ಬಂದವರು ಇವರ ಮೊದಲ ನಾಲ್ಕು ನಡೆ ನೋಡಿ, ‘ಓಹೋ, ಇಷ್ಟೇ ತಾನೇ, ಇದು ನನಗೂ ಬರುತ್ತದೆ’ ಎಂದು ಧೈರ್ಯ ತಂದುಕೊಂಡು ಮನೆಗೆ ಹೋಗುತ್ತಾರೆ. ಚದುರಂಗವನ್ನು ಜನಸಾಮಾನ್ಯರ ಹತ್ತಿರಕ್ಕೆ ತಂದ ಮಹನೀಯರ ಪಟ್ಟಿಯಲ್ಲಿ ನಮ್ಮ ಮಾವನವರ ಹೆಸರೂ ಇರಬೇಕು.

ಆಟ ಬಲ್ಲವರು ಯಾರನ್ನಾದರೂ ಕೇಳಿ. ಬೋರ್ಡಿನ ನಡುಭಾಗವನ್ನು ಹಿಡಿಯಬೇಕು, ಅದಕ್ಕಾಗಿ ರಾಜನ ಮುಂದಿನ ಸಿಪಾಯಿಯನ್ನೋ ಮಂತ್ರಿಯ ಮುಂದಿನ ಸಿಪಾಯಿಯನ್ನೋ ಮೊದಲು ನಡೆಸಬೇಕು ಎನ್ನುತ್ತಾರೆ. ಈ ಮೊದಲ ನಡೆಗಳಿಗೆ ಓಪನಿಂಗು ಎಂದು ಹೆಸರು. ಒಂದೊಂದು ಓಪನಿಂಗಿಗೂ ಒಂದೊಂದು ದೇಶದ ಹೆಸರು, ಊರಿನ ಹೆಸರು ಇದೆಯಂತೆ. ನಮ್ಮ ಮಾವನವರ ಓಪನಿಂಗಿಗೆ ಮಾತ್ರ ಹೆಸರಿಲ್ಲ. ಅದನ್ನು ತನ್ನದು ಎಂದು ಒಪ್ಪಿಕೊಳ್ಳಲು ಯಾವ ದೇಶ ಮುಂದೆ ಬಂದೀತು? ಎಡ ಅಂಚಿನ ಕಟ್ಟಕಡೆಯ ಸಿಪಾಯಿ ಎರಡು ಮನೆ ಮುಂದೆ. ಎದುರಿನವರು ಏನೇ ಆಡಲಿ, ಆಮೇಲೆ ಬಲ ಅಂಚಿನ ಕಟ್ಟಕಡೆಯ ಸಿಪಾಯಿ ಎರಡು ಮನೆ ಮುಂದೆ. ಆಮೇಲೆ ಒಂದು ಕುದುರೆ ಅಂಚಿಗೆ, ಅದರ ಹಿಂದೆಯೇ ಒಂದು ಆನೆ. ನಡುವಿನವರೆಲ್ಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತು ಬಡಿಸುವವರು ಬಾರದ ಅತಿಥಿಗಳಂತೆ ಮಿಕಮಿಕ ನೋಡುತ್ತಿರುತ್ತಾರೆ.

ಒಂದು ಭಾನುವಾರ ಬನಶಂಕರಿಯ ಶಾಲೆಯೊಂದರ ಹಾಲಿನಲ್ಲಿ ಪಂದ್ಯ. ಮಾವನವರ ಎದುರಿಗೆ ಕೂತವಳು ಎರಡು ಜಡೆ ಹಾಕಿಕೊಂಡ, ಕುರ್ಚಿಯ ಮೇಲೆ ದಿಂಬಿಟ್ಟು ಕೂರಿಸಬೇಕಾದಷ್ಟು ಪುಟ್ಟ ಹುಡುಗಿ. ಇವರು ಅಂಚಿನ ಸಿಪಾಯಿ ನಡೆಸಿದರು. ಅವಳು ನಡುವಿನ ಸಿಪಾಯಿ ನಡೆಸಿದಳು. ಇವರು ಉತ್ಸಾಹದಿಂದ ಆನೆಯನ್ನು ಮೇಲಕ್ಕೆತ್ತಿಟ್ಟರು. ಅವಳು ಒಂಟೆಯಿಂದ ಅದನ್ನು ಹೊಡೆದು ಪಕ್ಕಕ್ಕಿಟ್ಟು, ಮಮತೆಯಿಂದ ಹೇಳಿದಳು: “ತಾತ, ಫಸ್ಟು ಸೆಂಟರ್ ತಗೋಬೇಕು. ನಮ್ ಕೋಚಿಂಗಲ್ಲಿ ಮೊದಲ್ನೇ ಕ್ಲಾಸಲ್ಲೇ ಹೇಳ್ಕೊಡ್ತಾರೆ.”

“ಹೌದಾ ಪುಟ್ಟಿ? ನಮ್ ಕಾಲದಲ್ಲಿ ಸೆಂಟರ್ ಇನ್ನೂ ಬಂದಿರ್ಲಿಲ್ಲ!” ಎಂದರು ಮಾವನವರು.

ಇವರನ್ನು ಇಂಥ ಪಂದ್ಯಗಳಿಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ಸಾರಥಿ ನಾನು, ಅಂದರೆ ಸೊಸೆ. ನನಗೆ ಚದುರಂಗ ಬರುವುದಿಲ್ಲ. ಯಾವ ಕಾಯಿಗೆ ಏನು ಹೆಸರು ಎಂಬುದಷ್ಟೇ ಗೊತ್ತು. ಮನೆಗೆ ಬರುವ ನೆಂಟರ ಹೆಸರು ಗೊತ್ತಿರುತ್ತದೆ, ಅವರ ವ್ಯವಹಾರ ಗೊತ್ತಿರುವುದಿಲ್ಲವಲ್ಲ, ಹಾಗೆ. ಆದರೂ ಆನೆ ಹೋದ ರೀತಿ ನೋಡಿ ನನಗೇ ನಾಚಿಕೆಯಾಯಿತು.

ಮೊದಲೆಲ್ಲ ಅವರು ಹೀಗೆ ಆಡುತ್ತಿರಲಿಲ್ಲ. ತುಮಕೂರು ಕಡೆಯಿಂದ ಹರೆಯದಲ್ಲೇ ಬೆಂಗಳೂರಿಗೆ ಬಂದು ಜರಗನಹಳ್ಳಿಯಲ್ಲಿ ಕನಕಪುರ ರಸ್ತೆಗೆ ಮುಖ ಮಾಡಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವರು ಅವರು. ಬೆಳಗ್ಗೆ ಲಿಂಗಪೂಜೆ, ಹಣೆಯ ಮೇಲೆ ಅಡಿಕೋಲು ಹಿಡಿದು ಎಳೆದಂಥ ಮೂರು ಗೆರೆ ವಿಭೂತಿ, ಆಮೇಲೆ ಅಂಗಡಿ. ಕೌಂಟರಿನ ಬಲಗಡೆ ಗಲ್ಲಾಪೆಟ್ಟಿಗೆ, ಎಡಗಡೆ ಚದುರಂಗದ ಬೋರ್ಡು. ಗಿರಾಕಿಗಳು ಬಂದರೆ ಯಾವ ಕಡೆಗೆ ಗಮನ ಹೆಚ್ಚು ಎಂಬುದನ್ನು ನಾನು ಹೇಳಬೇಕಾಗಿಲ್ಲ.

“ಒಂದ್ನಿಮಿಷ ಸಾರ್, ಮಂತ್ರಿ ಸಿಕ್ಕಾಕ್ಕೊಂಡಿದಾನೆ.”

“ನಮ್ಮನೇಲಿ ಫ್ಯೂಸ್ ಹೋಗಿದೆ ಸ್ವಾಮಿ, ನನ್ ಹೆಂಡ್ತಿ ಕತ್ತಲಲ್ಲಿ ಕೂತಿದಾಳೆ!”

“ಕೂತಿದಾರೆ ತಾನೆ, ನಿಂತಿಲ್ವಲ್ಲ? ಇನ್ನೊಂದ್ನಿಮಿಷ.”

ಈ ಅಂಗಡಿಗೇ ಒಂದು ಸಂಜೆ ಪುಟ್ಟೇನಹಳ್ಳಿಯ ಮೇಷ್ಟ್ರು ಬಂದದ್ದು. ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಬಲ್ಬಿನ ಹೋಲ್ಡರ್ ಕೊಳ್ಳಲು ಬಂದವರು ಬೋರ್ಡಿನತ್ತ ಬಗ್ಗಿ ನೋಡಿ, “ಕರಿ ಒಂಟೆ ಹೋಯ್ತಲ್ರೀ” ಎಂದರಂತೆ. “ಹೆಂಗ್ ಹೋಗತ್ತೆ ತೋರ್ಸಿ, ಕೂತ್ಕೊಳ್ಳಿ” ಎಂದರಂತೆ ಇವರು. ಮೇಷ್ಟ್ರು ಕೂತರು. ಮೂವತ್ತು ವರ್ಷವಾದರೂ ಎದ್ದಿಲ್ಲ. ಹೋಲ್ಡರ್ ಒಯ್ದರೋ ಇಲ್ಲವೋ ಇವತ್ತಿಗೂ ಇಬ್ಬರಿಗೂ ನೆನಪಿಲ್ಲ. ಒಬ್ಬರು ಇನ್ನೊಬ್ಬರನ್ನು ಬಹುವಚನದಲ್ಲೇ ಕರೆಯುತ್ತಾ, ಬಹುವಚನದಲ್ಲೇ ಜಗಳವಾಡುತ್ತಾ, ಒಬ್ಬರ ರಾಜನನ್ನು ಇನ್ನೊಬ್ಬರು ಮೂಲೆಗೆ ಅಟ್ಟುತ್ತಾ ಇಬ್ಬರೂ ಮುದುಕರಾದರು. ಅತ್ತೆಯವರು ತೀರಿಕೊಂಡ ಮೇಲೆ, ನನ್ನ ಗಂಡ ಅಂಗಡಿ ವಹಿಸಿಕೊಂಡ ಮೇಲೆ, ಮಾವನವರ ದಿನಕ್ಕೆ ಆಧಾರವಾಗಿ ನಿಂತದ್ದು ಈ ಬೋರ್ಡು ಮತ್ತು ಈ ಮೇಷ್ಟ್ರು.

ಮಾವನವರ ಮತ ಲಿಂಗಾಯತವಾದರೂ ಅವರು ನಿಜವಾಗಿ ನಡೆದುಕೊಂಡು ಬಂದ ಧರ್ಮ ಒಂದೇ: ಮುಟ್ಟಿದರೆ ನಡೆಸಬೇಕು. ಚದುರಂಗದಲ್ಲಿ ಒಂದು ಕಾಯಿಯನ್ನು ಮುಟ್ಟಿದಿರೋ, ಅದನ್ನೇ ನಡೆಸಬೇಕು, ಅಯ್ಯೋ ತಪ್ಪಾಯಿತು ಎನ್ನುವಂತಿಲ್ಲ. ಇದು ಬೋರ್ಡಿನ ಮೇಲಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಇವರು ಅದನ್ನು ಜಯನಗರದ ಮಾರ್ಕೆಟ್ಟಿಗೂ ಕೊಂಡೊಯ್ದರು! ಕುಂಬಳಕಾಯಿಯನ್ನು ತಟ್ಟಿ ನೋಡಿದರೆ ಮುಗಿಯಿತು, ಅದು ಎಷ್ಟೇ ಬಲಿತಿರಲಿ, ಮನೆಗೆ ಬಂತು. “ಮುಟ್ಟಿದ್ಮೇಲೆ ಬಿಟ್ಬರಕ್ಕಾಗತ್ತೇನಮ್ಮ?” ಎಂಬ ಪ್ರಶ್ನೆ ಬೇರೆ. ಸೀರೆ ಅಂಗಡಿಗೆ ಅತ್ತೆಯವರು ಇವರನ್ನು ಕರೆದುಕೊಂಡು ಹೋಗುತ್ತಿದ್ದುದು ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಳ್ಳಬೇಕೆಂಬ ಷರತ್ತಿನ ಮೇಲೆ.

ನನ್ನನ್ನು ನೋಡಲು ಬಂದ ದಿನ ನಾನು ಮಾಡಿದ್ದ ಕೋಡುಬಳೆ ಗಟ್ಟಿಯಾಗಿ ಕಲ್ಲಾಗಿತ್ತು. ಉಳಿದವರೆಲ್ಲ ನಯವಾಗಿ ತಟ್ಟೆ ಸರಿಸಿದರು. ಇವರು ಮಾತ್ರ ಕಟಕಟ ಸದ್ದು ಮಾಡುತ್ತ ತಟ್ಟೆ ಖಾಲಿ ಮಾಡಿದರು. ನನ್ನ ಅಮ್ಮ ಕರಗಿಹೋಗಿ, ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ ಅವರ ಕೈಗೇ ಕೊಟ್ಟಳು. ಮದುವೆಯಾದ ಎಷ್ಟೋ ದಿನದ ಮೇಲೆ ಕೇಳಿದೆ, “ಮಾವಾ, ಅವತ್ತು ಅಷ್ಟೊಂದು ಇಷ್ಟ ಆಯ್ತಾ?” ಎಂದು.

“ಇಷ್ಟ ಎಲ್ಲಿ ಬಂತಮ್ಮ! ಗೊತ್ತಾಗ್ದೆ ತಟ್ಟೆಗೆ ಕೈ ಹಾಕ್ಬಿಟ್ಟಿದ್ದೆ.”

ಇಂಥ ಮನುಷ್ಯ ವಯಸ್ಸಾದ ಮೇಲೆ ಒಂದು ವಿಚಿತ್ರ ಓಪನಿಂಗು ಹಿಡಿದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಇನ್ನೊಂದು ಹುಚ್ಚು ಸೇರಿಕೊಂಡಿತು ಎಂದು ನಾವು ನಕ್ಕೆವು. ಮೇಷ್ಟ್ರಂತೂ, “ಏನ್ ಸಾವ್ಕಾರ್ರೇ, ಅಂಚಲ್ಲೇ ಸೈಟು ತಗೊಂಡ್ರಾ? ಸೆಂಟರಲ್ಲಿ ರೇಟು ಜಾಸ್ತಿ ಆಯ್ತಾ?” ಎಂದು ಭಾನುವಾರ ಇಬ್ಬರೂ ಆಡುವ ಪುಟ್ಟೇನಹಳ್ಳಿ ಕೆರೆಯ ದಂಡೆಯ ಮೇಲೆ ಎಲ್ಲರಿಗೂ ಕೇಳುವಂತೆ ಚುಡಾಯಿಸುತ್ತಿದ್ದರು. ಮಾವನವರು ನಕ್ಕು ಸುಮ್ಮನಾಗುತ್ತಿದ್ದರು. ಅವರು ತಿರುಗಿ ಒಂದು ಮಾತೂ ಆಡದೆ ಸುಮ್ಮನಾದದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

ಗಮನಿಸುವಂಥದ್ದು ಇನ್ನೂ ಇತ್ತು. ಹಣೆಯ ಮೇಲಿನ ಮೂರು ಗೆರೆಗಳು ಅಲೆಅಲೆಯಾಗತೊಡಗಿದವು. “ಮಾವಾ, ಇದೇನು ಹೊಸ ಸ್ಟೈಲಾ?” ಎಂದೆ. “ಹೂಂ, ಈಗ ಇದೇ ನಡೀತಿರೋದು” ಎಂದರು. ಅನ್ನ ಸಾರು ಬೇಡ, ಮುದ್ದೆ ಮಾಡು ಎಂದರು. ಕಾಫಿಯನ್ನು ಅರ್ಧ ಲೋಟ ಕೊಡು, ಡಾಕ್ಟರು ಕಮ್ಮಿ ಮಾಡು ಅಂದಿದ್ದಾರೆ ಎಂದರು. ಯಾವ ಡಾಕ್ಟರು ಎಂದು ಕೇಳಬೇಕೆಂದು ನಮಗೆ ಹೊಳೆಯಲಿಲ್ಲ.

ನನಗೆ ಗೊತ್ತಾದದ್ದು ಪುಟ್ಟೇನಹಳ್ಳಿ ಕೆರೆಯ ಹತ್ತಿರ. ಭಾನುವಾರ ಬೆಳಗ್ಗೆ ಅವರಿಬ್ಬರೂ ಕಲ್ಲುಬೆಂಚಿನ ಮೇಲೆ ಬೋರ್ಡು ಹಾಸಿ ಕೂತರೆ ನಾನು ಕೆರೆ ಸುತ್ತಲು ಹೋಗುತ್ತೇನೆ. ಅಂದು ಚಪ್ಪಲಿಯ ಉಂಗುಷ್ಠ ಕಿತ್ತು ಬೇಗ ಹಿಂದಿರುಗಿ ಮಾವನವರ ಬೆನ್ನ ಹಿಂದೆ ನಿಂತೆ. ಮೇಷ್ಟ್ರು ನೀರಿನಲ್ಲಿದ್ದ ಹಕ್ಕಿಗಳನ್ನು ನೋಡುತ್ತಿದ್ದರು. ಮಾವನವರ ಬಲಗೈ ಬೋರ್ಡಿನ ನಡುವಿಗೆ ಹೋಯಿತು. ಅಲ್ಲಿ ರಾಜ, ಮಂತ್ರಿ, ಸಿಪಾಯಿಗಳು ಒತ್ತೊತ್ತಾಗಿ ನಿಂತಿದ್ದರು. ಬೆರಳು ಅವುಗಳ ಮೇಲೆ ನಡುಗಿತು. ಒಂದು ಕಾಯಿಯನ್ನು ಹಿಡಿಯಲು ಹೋದರೆ ಇನ್ನೆರಡಕ್ಕೆ ತಗುಲುವುದು ಖಂಡಿತ. ಕೈ ಹಿಂದಕ್ಕೆ ಬಂತು. ಎಡಗೈ ಅದನ್ನು ಹಿಡಿದು ಒಂದು ಕ್ಷಣ ಅದುಮಿತು. ಆಮೇಲೆ ಬಲಗೈ ಮತ್ತೆ ಹೊರಟಿತು, ಈ ಸಲ ಅಂಚಿಗೆ. ಅಂಚಿನಲ್ಲಿ ನಿಂತ ಸಿಪಾಯಿಗೆ ಒಂದು ಮಗ್ಗುಲು ಖಾಲಿ. ಹೊರಗಿನಿಂದ ಬೆರಳು ತಂದು ಮೆಲ್ಲಗೆ ಅದನ್ನೊಂದನ್ನೇ ಹಿಡಿಯಬಹುದು.

ನನಗೆ ಚದುರಂಗ ಬಾರದಿದ್ದರೇನು, ತುಂಬಿದ ಪಾತ್ರೆ ಸ್ಟ್ಯಾಂಡಿನ ನಡುವಿನಿಂದ ಸದ್ದಾಗದಂತೆ ಒಂದು ಲೋಟ ತೆಗೆಯುವ ಕಷ್ಟ ಗೊತ್ತಿಲ್ಲವೇ? ಅವರ ಓಪನಿಂಗು ನನಗೆ ಅರ್ಥವಾಯಿತು. ಯಾವ ಆಟಗಾರನಿಗೂ ಅರ್ಥವಾಗದ್ದು, ಅಡುಗೆಮನೆಯವಳಾದ್ದರಿಂದ ಅರ್ಥವಾಯಿತು. ಅಲ್ಲಿಂದ ಸರಿದು, ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನೀರಿನ ಅಂಚಿಗೆ ಹೋಗಿ ನಿಂತೆ.

ವಾಪಸು ಬರುವಾಗ ಸಿಗ್ನಲಿನಲ್ಲಿ ಗಾಡಿ ನಿಲ್ಲಿಸಿ ಕೇಳಿದೆ: “ಮಾವಾ, ಕೈ ಯಾವಾಗಿಂದ ಹೀಗಾಗಿದೆ?”

“ಗ್ರೀನ್ ಬಿಟ್ತು, ಹೋಗಮ್ಮ.”

ಸಿಗ್ನಲ್ ಇನ್ನೂ ಕೆಂಪಗೇ ಇತ್ತು.

ಮನೆಯ ಗೇಟಿನ ಮುಂದೆ ಇಳಿದವರು ಒಳಗೆ ಹೋಗಲಿಲ್ಲ. ಬೋರ್ಡಿನ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತರು. “ಬನ್ನೇರುಘಟ್ಟ ರೋಡಲ್ಲಿ ಒಬ್ರು ನರದ ಡಾಕ್ಟ್ರ ಹತ್ರ ಹೋಗಿದ್ದೆ. ಬಸ್ಸಲ್ಲೇ. ಮಾತ್ರೆ ಕೊಟ್ಟಿದಾರೆ. ನಿಧಾನಕ್ಕೆ ಜಾಸ್ತಿ ಆಗತ್ತಂತೆ. ವಾಸಿ ಅಂತ ಆಗಲ್ವಂತೆ.”

“ಮನೇಲಿ ಹೇಳೋಣ ಮಾವಾ.”

“ಯಾರಿಗೂ ಬೇಡ. ಮೇಷ್ಟ್ರಿಗಂತೂ ಬೇಡವೇ ಬೇಡ. ಗೊತ್ತಾದ್ರೆ ಆ ಮನುಷ್ಯ ಬೇಕಂತ ಸೋಲಕ್ಕೆ ಶುರು ಮಾಡ್ತಾರೆ. ಅದನ್ನ ನೋಡಕ್ಕೆ ನನ್ ಕೈಲಾಗಲ್ಲ. ನವೆಂಬರಲ್ಲಿ ರಾಜ್ಯೋತ್ಸವದ ಪಂದ್ಯ ಇದೆಯಲ್ಲ, ಅಲ್ಲಿ ಅವರ ಜೊತೆ ಒಂದಾಟ, ನನ್ ಕೈಯಿಂದ ಆಡಿ ಮುಗಿಸ್ಬಿಡ್ತೀನಿ. ಆಮೇಲೆ ಬೋರ್ಡು ಅಟ್ಟಕ್ಕೆ.”

“ಅಟ್ಟಕ್ಕೆ ಯಾಕೆ? ನೀವು ಹೇಳಿ, ಯಾರಾದ್ರೂ ನಡೆಸ್ತಾರೆ. ನಾನೇ ನಡೆಸ್ತೀನಿ.”

“ಕಾಯಿ ನಾನ್ ಹಿಡೀದೆ ಹೋದ್ರೆ ಅದು ನನ್ ಆಟ ಹೆಂಗಾಗತ್ತಮ್ಮ?” ಎಂದರು. ಬೋರ್ಡು ಅಟ್ಟಕ್ಕೆ ಹೋದ ಮೇಲೆ ಈ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡುತ್ತಾರೆ? ಅದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಯಾರಿಗೂ ಹೇಳಬೇಡ ಎಂದರಲ್ಲ, ಗಂಡ ಎಂಬುವವನು ಆ ‘ಯಾರಿಗೂ’ ಒಳಗೆ ಬರುತ್ತಾನೆಯೇ? ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿ ಅಂದೇ ಹೇಳಿದೆ.  ನಮ್ಮನೆಯವರದು ತಂದೆಯ ಅಂಗಡಿಯನ್ನು ಮುಂದುವರಿಸಿದ ಕೈ. ಯಾವ ದುಃಖ ಬಂದರೂ ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಾರೆ. “ಕಾಯಿಗಳ ಅಡಿಗೆ ಮ್ಯಾಗ್ನೆಟ್ ಅಂಟಿಸಿ, ಬೋರ್ಡಿಗೆ ತಗಡು ಹೊಡೆದ್ರೆ ಆಯ್ತು. ಕೈ ತಗುಲಿದ್ರೂ ಒಂದೂ ಅಲ್ಲಾಡಲ್ಲ!” ಎಂದರು. ಹಳೆಯ ಸ್ಪೀಕರುಗಳನ್ನು ಬಿಚ್ಚಿ, ಮ್ಯಾಗ್ನೆಟ್ ಒಡೆದು, ಎರಡು ದಿನ ಅಂಗಡಿಯಲ್ಲಿ ಅದೇ ಕೆಲಸ. ತಂದು ಅಪ್ಪನ ಮುಂದೆ ಇಟ್ಟು, “ಅಪ್ಪಾಜಿ, ಹೊಸ ಸೆಟ್ಟು, ಆಡಿ ನೋಡಿ” ಎಂದರು.

ಮಾವನವರು ಕುದುರೆಯನ್ನು ಎತ್ತಿದರು. ಕುದುರೆಯ ಜೊತೆಗೆ ಎರಡು ಸಿಪಾಯಿಗಳೂ ಜೋತು ಬಂದವು! ಅವನ್ನು ಬಿಡಿಸಲು ಹೋದರೆ ಒಂಟೆ ಹಾರಿ ಆನೆಗೆ ಕಚ್ಚಿಕೊಂಡಿತು. ರಾಜ ಮಂತ್ರಿಯನ್ನು ತಬ್ಬಿಕೊಂಡ. ಒಬ್ಬ ಸಿಪಾಯಿ ಯುದ್ಧವೇ ಬೇಡವೆಂದು ಹೋಗಿ ಟೇಬಲ್ ಫ್ಯಾನಿನ ಬುಡಕ್ಕೆ ಅಂಟಿಕೊಂಡ.

ಮಾವನವರು ನನ್ನ ಕಡೆ ತಿರುಗಿದರು. “ಹೇಳ್ಬಿಟ್ಯಾ?”

ನಾನು ತಲೆ ತಗ್ಗಿಸಿದೆ.

“ಹೋಗ್ಲಿ ಬಿಡು. ಆದ್ರೆ ಇವನಿಗೆ ಹೇಳೋ ಬದ್ಲು ಆ ಫ್ಯಾನಿಗೆ ಹೇಳಿದ್ರೆ ಸ್ವಲ್ಪ ಗಾಳಿನಾದ್ರೂ ಬರ್ತಿತ್ತು!” ಎಂದು ಬಿದ್ದುಬಿದ್ದು ನಕ್ಕರು. ನಾವೂ ನಕ್ಕೆವು. ನಗುತ್ತಿರುವಾಗಲೇ ಅವರ ಕೈ ತೊಡೆಯ ಮೇಲೆ ಪಟಪಟ ಬಡಿದುಕೊಳ್ಳತೊಡಗಿತು. ಅವರು ಅದನ್ನು ಹೆಗಲ ಮೇಲಿನ ವಲ್ಲಿಯ ಕೆಳಗೆ ಮುಚ್ಚಿಟ್ಟುಕೊಂಡರು. ನಮ್ಮನೆಯವರು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟರು. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು. ನಾನು ನಲ್ಲಿ ನಿಲ್ಲಿಸಿ ಎಂದು ಕೂಗಲಿಲ್ಲ.

ನವೆಂಬರ್ ಬಂತು. ಜೆ.ಪಿ. ನಗರದ ಸಮುದಾಯ ಭವನದಲ್ಲಿ ರಾಜ್ಯೋತ್ಸವದ ಅಂಗವಾಗಿ ಹಿರಿಯರ ಚದುರಂಗ ಪಂದ್ಯ. ಪ್ರತಿವರ್ಷ ಅದರಲ್ಲಿ ಕೊನೆಗೆ ಉಳಿಯುವವರು ಮೇಷ್ಟ್ರು ಮತ್ತು ಮಾವನವರೇ, ಏಕೆಂದರೆ ಮಿಕ್ಕ ಹಿರಿಯರಲ್ಲಿ ಬಹಳ ಮಂದಿ ಬರುವುದು ಉಪ್ಪಿಟ್ಟು ಕೇಸರಿಭಾತಿಗೆ. ಹೊರಗೆ ಸಂಜೆಯ ಆರ್ಕೆಸ್ಟ್ರಾದವರು ಮೈಕು ಕಟ್ಟಿ, “ಚೆಕ್, ಚೆಕ್, ಮೈಕ್ ಚೆಕ್” ಎಂದು ಕೂಗುತ್ತಿದ್ದರು. ಅವರು ಚೆಕ್ ಎಂದಾಗಲೆಲ್ಲ ಒಳಗಿನ ಮುದುಕರು ಗಾಬರಿಯಾಗಿ ತಂತಮ್ಮ ರಾಜನನ್ನು ನೋಡಿಕೊಳ್ಳುತ್ತಿದ್ದರು!

ಮಾವನವರು ಮೊದಲ ಪಂದ್ಯಗಳನ್ನು ಹೇಗೋ ದಾಟಿದರು. ಮಾತ್ರೆ ನುಂಗಿದ ಮೇಲೆ ಕೈ ಸ್ವಲ್ಪ ಹೊತ್ತು ಹೇಳಿದ ಮಾತು ಕೇಳುತ್ತದೆ, ಆ ಹೊತ್ತಿನಲ್ಲೇ ಬೇಗಬೇಗ ಆಡಿ ಮುಗಿಸಿದರು. ಕೊನೆಯ ಪಂದ್ಯಕ್ಕೆ ಮೇಷ್ಟ್ರ ಎದುರು ಕೂರುವ ಹೊತ್ತಿಗೆ ಮಾತ್ರೆಯ ಬಲ ಇಳಿದಿತ್ತು. ಬಿಳಿ ಕಾಯಿ ಇವರಿಗೆ ಬಂತು. ಎಡ ಅಂಚಿನ ಸಿಪಾಯಿ ಎರಡು ಮನೆ ಮುಂದೆ. ನಾನು ಮೇಷ್ಟ್ರ ಚೇಷ್ಟೆಯ ಮಾತಿಗಾಗಿ ಕಾದೆ. ಅವರು ಏನೂ ಹೇಳದೆ ತಮ್ಮ ಕಾಯಿ ನಡೆಸಿದರು.

ಮೇಷ್ಟ್ರ ಆಟದ ಬಗ್ಗೆ ಒಂದು ಮಾತು ಹೇಳಬೇಕು. ಅವರು ಜಿಪುಣ ಆಟಗಾರರು. ಒಂದು ಕಾಯಿ ಕೊಟ್ಟು ಒಂದು ಕಾಯಿ ತೆಗೆದುಕೊಳ್ಳುವುದೂ ಅವರಿಗೆ ಸಂಕಟ. ಮಂತ್ರಿಯನ್ನು ಬಿಟ್ಟುಕೊಡುವುದೆಂದರೆ ಹಲ್ಲು ಕೀಳಿಸಿಕೊಂಡಂತೆ. ಅಂಥವರು ಅಂದು ಸಿಪಾಯಿಗೆ ಸಿಪಾಯಿ, ಒಂಟೆಗೆ ಒಂಟೆ, ಕುದುರೆಗೆ ಕುದುರೆ ಎಂದು ತೆಗೆಯತೊಡಗಿದರು. ನೋಡನೋಡುತ್ತ ತಮ್ಮ ಮಂತ್ರಿಯನ್ನೇ ಎದುರಿಗೆ ತಂದು ನಿಲ್ಲಿಸಿ, “ತಗೊಳ್ಳಿ ಸಾವ್ಕಾರ್ರೇ, ನಾನೂ ತಗೋತೀನಿ” ಎಂದರು. ಬೋರ್ಡಿನ ನಡುಭಾಗ ಸಂತೆ ಮುಗಿದ ಬಯಲಿನಂತೆ ತೆರವಾಗುತ್ತ ಬಂತು. ಸುತ್ತ ನಿಂತವರು, “ಇದೇನ್ ಗುರು, ಮೇಷ್ಟ್ರು ಹಿಂಗಾಡ್ತಿದಾರೆ!” ಎಂದು ಪಿಸುಗುಟ್ಟಿದರು. ನನಗೆ ಮಾತ್ರ ಕಂಡದ್ದು ಬೇರೆ. ಮಾವನವರ ಕೈಗೆ ಈಗ ಪ್ರತಿಯೊಂದು ಕಾಯಿಯ ಸುತ್ತಲೂ ಜಾಗವಿತ್ತು. ಮೇಷ್ಟ್ರಿಗೆ ಎಂದೋ ಗೊತ್ತಿತ್ತು! ಅವರು ಸೋಲುತ್ತಿರಲಿಲ್ಲ. ಕೊಟ್ಟಷ್ಟನ್ನೇ ತೆಗೆದುಕೊಂಡು, ಗೆಳೆಯನ ಬೆರಳಿಗೆ ದಾರಿ ಬಿಡಿಸುತ್ತಿದ್ದರು. ನನ್ನ ಕಣ್ಣು ತುಂಬಿ, ಬೋರ್ಡು ಕಾಣದಂತಾಯಿತು.

ಮಾವನವರೂ ತಲೆಯೆತ್ತಿದರು. “ಏನ್ ಮೇಷ್ಟ್ರೇ, ಮನೆ ಖಾಲಿ ಮಾಡ್ತಿದೀರಾ?”

“ವಯಸ್ಸಾಯ್ತು ಸಾವ್ಕಾರ್ರೇ. ಅಷ್ಟೊಂದ್ ಕಾಯಿ ಲೆಕ್ಕ ಇಟ್ಕೊಳಕ್ಕಾಗಲ್ಲ.”

ಜೀವಮಾನವೆಲ್ಲ ಲೆಕ್ಕ ಪಾಠ ಮಾಡಿದವರು ಆಡುವ ಮಾತೇ ಇದು? ಮಾವನವರು ಅವರನ್ನೊಮ್ಮೆ ನೋಡಿ, ಮತ್ತೆ ಬೋರ್ಡಿಗೆ ಬಗ್ಗಿದರು.

ಕೊನೆಗೆ ಉಳಿದದ್ದು ಇಬ್ಬರು ರಾಜರು ಮತ್ತು ಮಾವನವರ ಒಬ್ಬ ಸಿಪಾಯಿ. ಆಮೇಲೆ ತಿಳಿದವರು ನನಗೆ ವಿವರಿಸಿದರು: ಆ ಸಿಪಾಯಿಯನ್ನು ಒಂದು ಮನೆ ಮುಂದೆ ದೂಡಿದ್ದರೆ ಮಾವನವರಿಗೆ ಗೆಲುವು. ರಾಜನನ್ನು ಕದಲಿಸಿದರೆ ಆಟ ಡ್ರಾ. ಅಷ್ಟು ದೊಡ್ಡ ಖಾಲಿ ಬೋರ್ಡಿನಲ್ಲಿ ಒತ್ತಿಕೊಂಡು ನಿಂತಿದ್ದವರು ಆ ರಾಜ ಮತ್ತು ಆ ಸಿಪಾಯಿ ಇಬ್ಬರೇ. ಮಾವನವರ ಕೈ ಹೊರಟಿತು. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದಿತ್ತು. ಆದರೂ ಬೆರಳು ಒಮ್ಮೆ ಅದುರಿ ರಾಜನ ತಲೆಗೆ ತಗುಲಿತು. ರಾಜ ಒಂದಿಷ್ಟು ವಾಲಿ ಮತ್ತೆ ನೆಟ್ಟಗಾದ.



“ನಾನ್ ನೋಡ್ಲಿಲ್ಲ” ಎಂದರು ಮೇಷ್ಟ್ರು, ಕಿಟಕಿಯ ಕಡೆ ತಿರುಗಿ.

“ನೋಡಿದೀರ. ಆಗಿಂದ ನೀವು ನನ್ ಕೈ ಬಿಟ್ಟು ಬೇರೇನೂ ನೋಡಿಲ್ಲ.”

ಪಂದ್ಯದ ತೀರ್ಪುಗಾರರು ಹತ್ತಿರ ಬಂದು, “ಅಂಕಲ್, ಬೇಕಂತ ಮುಟ್ಟಿದ್ರೆ ಮಾತ್ರ ರೂಲು. ಕೈ ತಗುಲಿದ್ದಕ್ಕಲ್ಲ. ನೀವು ಸಿಪಾಯಿನೇ ನಡೆಸ್ಬಹುದು” ಎಂದರು.

“ಬೇಕಂತ ಮುಟ್ಟಿದ್ದು ಯಾವ್ದು, ಕೈ ನಡುಗಿ ಮುಟ್ಟಿದ್ದು ಯಾವ್ದು ಅಂತ ಪ್ರತಿ ಸಲ ನೀವೆಲ್ಲ ನನ್ ಮುಖ ನೋಡ್ಬೇಕಾ ಸಾರ್? ಇವತ್ತು ಮಾಫಿ ತಗೊಂಡ್ರೆ ನಾಳೆಯಿಂದ ಈ ಕೈ ಏನ್ ಮಾಡಿದ್ರೂ ಮಾಫಿನೇ. ನಡುಗಿದ್ರೂ ಇದು ನನ್ ಕೈಯೇ” ಎಂದ ಮಾವನವರು ರಾಜನನ್ನು ಹಿಡಿದು ಒಂದು ಮನೆ ಹಿಂದಕ್ಕೆ ಇಟ್ಟರು.

ಆಟ ಡ್ರಾ ಆಯಿತು. ಹೊರಗೆ ಹಾಡು ಶುರುವಾಗಿತ್ತು. ಮಾವನವರು ಬೋರ್ಡನ್ನು ತಾವೇ ಮಡಿಸಿ ಚೀಲಕ್ಕೆ ಹಾಕಿದರು.  ಮರುದಿನ ಬೋರ್ಡು ಅಟ್ಟಕ್ಕೆ ಹೋಯಿತು.

ಅವರು ಆಡಿದಂತೆ ನಡೆಯುವ ಮನುಷ್ಯ ಎಂಬುದು ಅಂದು ನನಗೆ ಮೊದಲ ಬಾರಿಗೆ ಶಾಪದಂತೆ ಕಂಡಿತು. ಬೆಳಗ್ಗೆ ಎದ್ದು ವರಾಂಡದ ಕುರ್ಚಿಯಲ್ಲಿ ಕೂರುವರು. ಮೆಟ್ರೋ ಕಂಬಗಳ ಕೆಳಗೆ ಹೋಗುವ ಬಸ್ಸುಗಳನ್ನು ನೋಡುವರು. ಊಟಕ್ಕೆ ಕರೆದರೆ ಬರುವರು. ಹಣೆಗೆ ವಿಭೂತಿ ಹಚ್ಚುವುದನ್ನು ಈಗ ನಮ್ಮನೆಯವರು ವಹಿಸಿಕೊಂಡಿದ್ದರು. ಮೊದಲ ದಿನ ಮೂರು ಗೆರೆಯೂ ಸೇರಿ ಒಂದೇ ಪಟ್ಟಿಯಾಯಿತು. ಬೇರೆ ದಿನವಾಗಿದ್ದರೆ ಮಾವನವರು ಅದಕ್ಕೊಂದು ಕೊಂಕು ಹುಡುಕುತ್ತಿದ್ದರು. ಅಂದು ಕನ್ನಡಿಯನ್ನೂ ನೋಡಲಿಲ್ಲ. ನಮ್ಮ ಮನೆಯಲ್ಲಿ ನಗು ನಿಂತುಹೋದರೆ ಎಷ್ಟು ಸದ್ದು ಕಡಿಮೆಯಾಗುತ್ತದೆ ಎಂಬುದು ನನಗೆ ಆ ದಿನಗಳಲ್ಲಿ ಗೊತ್ತಾಯಿತು.

ಒಂದು ಬೆಳಗ್ಗೆ ಮೇಷ್ಟ್ರು ತಮ್ಮ ಬೋರ್ಡು ಹಿಡಿದು ಬಂದರು. ಮಾವನವರ ಮುಂದೆ ಸ್ಟೂಲು ಎಳೆದು, ಕಾಯಿ ಜೋಡಿಸಿ, ಬಿಳಿಯನ್ನು ಅವರ ಕಡೆಗೆ ಇಟ್ಟರು. “ಸಾವ್ಕಾರ್ರೇ, ನೀವು ಬಾಯಲ್ಲಿ ಹೇಳಿ. ನಿಮ್ ಕಾಯಿನೂ ನಾನೇ ನಡೆಸ್ತೀನಿ.”

ಮಾವನವರು ರಸ್ತೆ ನೋಡುತ್ತ ಕೂತರು. ಮೇಷ್ಟ್ರು ಕಾಫಿ ಕುಡಿದು, ಬೋರ್ಡನ್ನು ಹಾಗೇ ಬಿಟ್ಟು ಹೋದರು. ಮರುದಿನ ಬಂದರು, ಕಾಫಿ ಕುಡಿದರು, ಹೋದರು. ಅದರ ಮರುದಿನವೂ ಬಂದರು. ನಾನು ಧೂಳು ಒರೆಸುವಾಗ ಒಂದು ಕಾಯಿಯೂ ಅಲುಗದಂತೆ ಸುತ್ತ ಒರೆಸುತ್ತಿದ್ದೆ. ಕೊನೆಗೊಂದು ದಿನ ಮಾವನವರಿಗೇ ರೇಗಿತು.

“ಎದುರಾಳಿ ಕೈಯಲ್ಲಿ ನನ್ ಕಾಯಿ ಕೊಡ್ಲಾ? ಮೋಸ ಮಾಡ್ತೀರಿ ನೀವು!”

“ಮಾಡಿದ್ರೆ ಹಿಡೀರಿ. ಕಣ್ಣು ಚೆನ್ನಾಗಿದೆಯಲ್ಲ?”

 ನಾನು ಬಾಗಿಲ ಹಿಂದೆ ನಿಂತು ಸೆರಗಿನ ತುದಿ ಹಿಸುಕುತ್ತಿದ್ದೆ. ಆಗ ಮಾವನವರ ದನಿ ಕೇಳಿತು: “ರಾಜನ ಮುಂದಿನ ಸಿಪಾಯಿ. ಎರಡು ಮನೆ.”

ಬೋರ್ಡಿನ ನಟ್ಟನಡುವಿನ ಸಿಪಾಯಿ! ಕೈ ಹೋಗಲಾರದಿದ್ದ ಜಾಗಕ್ಕೆ ಮಾತು ನೇರವಾಗಿ ಹೋಗಿ ನಿಂತಿತು. ನಾನು ಅಡುಗೆಮನೆಗೆ ಓಡಿ, ಅಳು ನಿಲ್ಲುವವರೆಗೆ ಸುಮ್ಮನೆ ಮಿಕ್ಸಿ ತಿರುಗಿಸಿದೆ.

ಅಂದಿನಿಂದ ಆಟ ನಡೆಯುತ್ತಿದೆ. ಆದರೆ ಕಾಯಿಲೆಯೂ ತನ್ನ ನಡೆ ನಡೆಸುತ್ತಲೇ ಇದೆ. ಈಗ ಮಾವನವರ ದನಿಯೂ ಸಣ್ಣದಾಗಿದೆ. ಮೇಷ್ಟ್ರು ಬೋರ್ಡಿನ ಮೇಲೆ ಬಾಗಿ ಕಿವಿಯನ್ನು ಅವರ ಬಾಯಿಯ ಹತ್ತಿರ ತರುತ್ತಾರೆ. ಕೆಲವು ದಿನ ಮಾವನವರಿಗೆ ಯೋಚನೆಯೂ ಮೊದಲಿನಂತೆ ನಿಲ್ಲುವುದಿಲ್ಲ. ಯಾವ ಕಾಯಿಗೆ ಯಾರ ಕಾವಲು ಎಂಬುದು ತಪ್ಪಿಹೋಗುತ್ತದೆ.

ಮೊನ್ನೆ ನಾನು ಕಾಫಿ ತಂದಾಗ ಮಾವನವರು ಏನೋ ಹೇಳಿದರು. ಮೇಷ್ಟ್ರು ಕ್ಷಣ ತಡೆದು, ಮಾವನವರ ಕುದುರೆಯನ್ನು ನಡೆಸಿದರು. ಮಾವನವರ ತಲೆ ಅಲ್ಲಾಡಿತು.

“ಮಂತ್ರಿ ಅಂದೆ.”

“ಕುದುರೆ ಅಂತ ಕೇಳಿಸ್ತು.”

“ಸರಿಯಾಗೇ ಕೇಳಿಸ್ತು ನಿಮಗೆ.” ಅವರು ಉಸಿರು ತೆಗೆದುಕೊಂಡರು. “ಅಲ್ಲಿಟ್ರೆ ಮಂತ್ರಿ ಹೋಗ್ತಾನೆ. ಹೇಳಿದ್ಮೇಲೆ ಕಾಣಿಸ್ತು ನಂಗೆ. ಆದ್ರೂ ಹೇಳಿದ್ದು ನಾನು. ನನ್ ತಪ್ಪನ್ನ ನೀವು ತಿದ್ದಿದ್ರೆ, ಇಲ್ಲಿ ಆಡ್ತಿರೋರು ನೀವೊಬ್ರೇ ಆಗ್ತೀರಿ ಮೇಷ್ಟ್ರೇ. ನಾನು ಇನ್ನೂ ಇದೀನಿ.”

ಮೇಷ್ಟ್ರು ಕುದುರೆಯನ್ನು ಹಿಂದಕ್ಕಿಟ್ಟರು. ಮಾವನವರು ಹೇಳಿದ ಮನೆಗೆ ಮಂತ್ರಿಯನ್ನು ಒಯ್ದು ನಿಲ್ಲಿಸಿದರು. ಎದುರಿಗೇ ಮೇಷ್ಟ್ರದೇ ಆನೆ ಇತ್ತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕಾಫಿ ಆರುತ್ತಿತ್ತು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಕೊನೆಗೆ ಮೇಷ್ಟ್ರು ಆನೆಯನ್ನು ಎತ್ತಿ ಮಂತ್ರಿಯನ್ನು ಹೊಡೆದರು.

“ಹಾಂ” ಎಂದರು ಮಾವನವರು. ಮುಖದ ತುಂಬ ನಗು. “ಈಗ ನೋಡಿ, ಇದು ಆಟ.”

ಆಮೇಲೆ ಅವರು ಆ ನಡುಗುವ ಕೈಯನ್ನು ಬೋರ್ಡಿನ ಮೇಲಿಂದಲೇ ಚಾಚಿದರು. ಎರಡು ಸಿಪಾಯಿ ಉರುಳಿದವು, ಒಂದು ಒಂಟೆ ನೆಲಕ್ಕೆ ಬಿತ್ತು, ರಾಜನೂ ಮಗುಚಿಕೊಂಡ. ಕೈ ಹೋಗಿ ಮೇಷ್ಟ್ರ ಕೈಯ ಮೇಲೆ ಕೂತಿತು. ಮೇಷ್ಟ್ರು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಉರುಳಿದ ಕಾಯಿಗಳನ್ನು ಇಬ್ಬರೂ ಎತ್ತಲಿಲ್ಲ.